ಹಲ್ಲಿಗೂ ಒಂದು ಕೊಟ್ಟೆ

ಗೊಬ್ಬರದ ದಾಸ್ತಾನು, ಅಡಿಕೆ ಧಾರಣೆ, ಬೋರ್ಡೊ ದ್ರಾವಣದ ಹದ ಇವನ್ನೆಲ್ಲ ಬಿಟ್ಟು ಸಂಘದ ಕಾರ್ಯದರ್ಶಿಗೆ ಹಲ್ಲಿನ ಉಸಾಬರಿ ಏಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ಸಂಘದ ಕಚೇರಿಯ ಜಗಲಿಯಲ್ಲಿ ಕುಳಿತು ಹಲ್ಲಿನ ವಿಚಾರ ತೆಗೆದ ಸದಸ್ಯರಲ್ಲಿ ಹಲವರದು ಒಂದೇ ಕಥೆ. ರೂಟ್ ಕೆನಾಲ್ ಮಾಡಿಸಿದ್ದಾಯಿತು, ನೋವು ಹೋಯಿತು, ಕ್ಯಾಪ್ ಹಾಕಿಸುವುದು ಹಾಗೆಯೇ ಉಳಿಯಿತು, ಕೊನೆಗೆ ಹಲ್ಲು ಒಡೆಯಿತು. ನನ್ನದೂ ಅದೇ ಕಥೆಯಾದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷಗಳ ಹಿಂದೆ ಚೌತಿ ಕಳೆದ ಮೇಲೆ ಕೆಳದವಡೆಯ ಬಲಗಡೆಯ ಹಲ್ಲು ಹಿಡಿದುಕೊಂಡಿತು. ರಾತ್ರಿ ಮಲಗಗೊಡದ ನೋವು. ಲವಂಗದೆಣ್ಣೆ, ಉಪ್ಪುನೀರು, ಮಾತ್ರೆ ಎಲ್ಲ ಮುಗಿದ ಮೇಲೆ ಪೇಟೆಗೆ ಹೋದೆ. ದಂತವೈದ್ಯೆ ನನ್ನ ಮಗಳ ವಯಸ್ಸಿನವರು. ಮೂರು ಸಲ ಕರೆಸಿಕೊಂಡು ರೂಟ್ ಕೆನಾಲ್ ಮುಗಿಸಿದರು. "ಸಾರ್, ಇನ್ನು ಎರಡು ಮೂರು ವಾರದೊಳಗೆ ಬಂದು ಕ್ಯಾಪ್ ಹಾಕಿಸಿಕೊಳ್ಳಿ" ಎಂದರು.

"ಕೊಯ್ಲು ಹತ್ತಿರ ಬಂತಲ್ಲ ಡಾಕ್ಟ್ರೇ, ಮುಗಿಸಿಕೊಂಡೇ ಬರ್ತೇನೆ" ಎಂದೆ.

"ಅಲ್ಲಿಯವರೆಗೆ ಆ ಕಡೆಯಿಂದ ಗಟ್ಟಿ ಪದಾರ್ಥ ಅಗಿಯಬೇಡಿ" ಎಂದು ಹೇಳಿದ್ದಲ್ಲದೆ ಚೀಟಿಯಲ್ಲೂ ಬರೆದುಕೊಟ್ಟರು.

ಆಮೇಲೆ ಅಡಿಕೆ ಕೊಯ್ಲು, ಸುಲಿತ, ಅದರ ಬೆನ್ನಿಗೇ ಕಾಫಿ ಕೊಯ್ಲು, ಆಳುಗಳ ತಾಪತ್ರಯ. ನೋಯದ ಹಲ್ಲು ನೆನಪಾಗುವುದಾದರೂ ಹೇಗೆ? ಮಾಘ ಮಾಸದಲ್ಲಿ ನೆಂಟರ ಮನೆಯಲ್ಲಿ ಉಪನಯನದ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡಾಗ ಚಾಲಿಯ ಒಂದು ಹೋಳು ಹಲ್ಲಿನ ನಡುವೆ ಸಿಕ್ಕಿ ಟಕ್ಕೆಂದಿತು. ಒಡೆದದ್ದು ಅಡಿಕೆ ಎಂದುಕೊಂಡೆ. ಒಡೆದದ್ದು ಹಲ್ಲು. ಸೀಳಿದ ಸೌದೆಯ ಹಾಗೆ ಬೇರಿನವರೆಗೆ ಎರಡು ಹೋಳಾಗಿತ್ತು. ಅಂಥ ಹಲ್ಲನ್ನು ಜೋಡಿಸುವ ವಿದ್ಯೆ ಇಲ್ಲ, ಕೀಳುವುದೊಂದೇ ದಾರಿ. ರೂಟ್ ಕೆನಾಲಿಗೆ ಕೊಟ್ಟ ಹಣ, ಮೂರು ದಿನದ ಓಡಾಟ, ಎಲ್ಲವೂ ನೀರಿಗೆ ಹಾಕಿದ ಹಾಗಾಯಿತು. ತೆರವಾದ ಜಾಗದಲ್ಲಿ ಇಂಪ್ಲಾಂಟ್ ಕೂರಿಸಲು ಎಷ್ಟು ಎಂದು ವಿಚಾರಿಸಿದಾಗ ನಾನು ಉಳಿಸಿಕೊಂಡೆ ಎಂದುಕೊಂಡಿದ್ದ ಕ್ಯಾಪಿನ ಹಣ ಏನೇನೂ ಅಲ್ಲವೆಂದು ತಿಳಿಯಿತು. ತಪ್ಪು ಸಂಪೂರ್ಣ ನನ್ನದು. ವೈದ್ಯೆ ಹೇಳಬೇಕಾದ್ದನ್ನು ಹೇಳಿದ್ದರು.

ನಾನು ವೈದ್ಯನಲ್ಲ. ಹಲ್ಲು ಕಳೆದುಕೊಂಡ ಮೇಲೆ ಓದಿ, ದಂತವೈದ್ಯರನ್ನು ಕಾಡಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನೋವು ಹೋದ ಹಲ್ಲು ಒಡೆಯುವುದೇಕೆ?

ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೊಳೆತ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಚೊಕ್ಕಟ ಮಾಡಿ, ರಬ್ಬರಿನಂಥ ಪದಾರ್ಥದಿಂದ ತುಂಬಿ ಮುಚ್ಚುವುದು. ನರ ಹೋದ ಹಲ್ಲು ಒಣಮರದಂತೆ ಪೆಡಸಾಗಿ ಒಡೆಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಪೂರ್ತಿ ಸರಿಯಲ್ಲ. ಒಡೆಯುವ ಮುಖ್ಯ ಕಾರಣ ಹುಳುಕಿನಿಂದ ಹಲ್ಲಿನ ಗೋಡೆಗಳು ಹೋಗಿರುವುದು. ಅಮೆರಿಕದ ಸಂಶೋಧಕರು ಕಿತ್ತ ಹಲ್ಲುಗಳ ಮೇಲೆ ಪ್ರಯೋಗ ಮಾಡಿ 1989ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನು ಚೆನ್ನಾಗಿ ತೋರಿಸುತ್ತದೆ. ರೂಟ್ ಕೆನಾಲಿಗಾಗಿ ಮೇಲಿನಿಂದ ಕೊರೆದ ರಂಧ್ರವೊಂದರಿಂದಲೇ ಹಲ್ಲಿನ ಬಿಗುವು ಕಡಿಮೆಯಾದದ್ದು ಸುಮಾರು ಶೇ. 5 ಮಾತ್ರ. ಅಕ್ಕಪಕ್ಕದ ಎರಡೂ ಅಂಚುಗಳು ಹೋಗುವಂತೆ ಕೊರೆದ ಹಲ್ಲಿನಲ್ಲಿ ಮಾತ್ರ ಶೇ. 63ರಷ್ಟು ಬಿಗುವು ಹೋಗಿತ್ತು. ಬಿಳಿ ಕಾಂಡ ಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನೆನೆಸಿಕೊಳ್ಳಿ. ಮೇಲೆ ಹಸಿರಾಗಿಯೇ ಇರುತ್ತದೆ, ಒಳಗೆ ಸುರಂಗ. ಕೊಯ್ಲಿನ ಆಳು ರೆಂಬೆ ಬಗ್ಗಿಸಿದ ದಿನ ಬುಡ ಮುರಿಯುತ್ತದೆ.

ಇನ್ನೊಂದು ತೊಡಕೂ ಇದೆ. ರೂಟ್ ಕೆನಾಲ್ ಮುಗಿದ ಹಲ್ಲು ನೋವನ್ನು ಹೇಳುವುದಿಲ್ಲ. ಬಿರುಕು ಬಿಡುತ್ತಿದ್ದರೂ, ಮೇಲಿನ ತಾತ್ಕಾಲಿಕ ಸಿಮೆಂಟು ಸವೆದು ಎಂಜಲು ಒಳಗಿಳಿದು ಬೇರು ಮತ್ತೆ ಕೆಡುತ್ತಿದ್ದರೂ ಬಹಳ ದಿನ ಸುಮ್ಮನಿರುತ್ತದೆ. ನಾವು ನೋವನ್ನೇ ರೋಗ ಎಂದು ತಿಳಿದವರು. ನೋವು ಹೋದರೆ ರೋಗವೂ ಹೋಯಿತು ಎಂದುಕೊಳ್ಳುತ್ತೇವೆ.

ಇಬ್ಬರು ಸಂಶೋಧಕರು ರೂಟ್ ಕೆನಾಲ್ ಆದ ಹಲ್ಲುಗಳ ದಾಖಲೆ ಪರಿಶೀಲಿಸಿ 2002ರಲ್ಲಿ ಬರೆದ ಲೇಖನದ ಪ್ರಕಾರ, ಕ್ಯಾಪ್ ಹಾಕದೆ ಬಿಟ್ಟ ಹಲ್ಲುಗಳು ಕ್ಯಾಪ್ ಹಾಕಿದವುಗಳಿಗಿಂತ 6 ಪಟ್ಟು ವೇಗದಲ್ಲಿ ನಷ್ಟವಾಗಿದ್ದವು. ಅದು ಅಡಿಕೆ ಅಗಿಯದ ಜನರ ಲೆಕ್ಕ. ನಮ್ಮ ಲೆಕ್ಕ ಇದಕ್ಕಿಂತ ಚೆನ್ನಾಗಿದ್ದೀತು ಎಂದು ನನಗೇನೂ ಅನಿಸುವುದಿಲ್ಲ.

ಮಳೆಗಾಲಕ್ಕೆ ಮೊದಲು ನಾವು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದು ಯಾತಕ್ಕೆ ಎಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕ್ಯಾಪ್ ಎಂಬುದು ಹಲ್ಲಿನ ಕೊಟ್ಟೆ. ವಸಡಿನ ಮೇಲೆ ಕಾಣುವ ಹಲ್ಲನ್ನು ಸುತ್ತಲೂ ಹಿಡಿದುಕೊಂಡು, ಅಗಿಯುವ ಭಾರ ಒಂದೇ ಗೋಡೆಯ ಮೇಲೆ ಬೀಳದಂತೆ ಹಂಚುತ್ತದೆ. ಕೊಟ್ಟೆಯ ವಿಷಯದಲ್ಲಿ ನಮಗೆ ಗೊತ್ತಿರುವ ಎರಡು ಮಾತು ಇಲ್ಲಿಯೂ ನಿಜ. ಕೊಳೆ ಹೊಕ್ಕ ಮೇಲೆ ಕಟ್ಟಿದ ಕೊಟ್ಟೆಯಿಂದ ಪ್ರಯೋಜನವಿಲ್ಲ. ಬಾಯಿ ಸರಿಯಾಗಿ ಬಿಗಿಯದ ಕೊಟ್ಟೆಯೊಳಗೆ ನೀರು ಇಳಿಯುವುದು ತಪ್ಪುವುದಿಲ್ಲ.

ಆದ್ದರಿಂದ ಕ್ಯಾಪಿಗೆ ಒಪ್ಪುವ ಮೊದಲು ರೂಟ್ ಕೆನಾಲ್ ಮುಗಿದ ಮೇಲಿನ ಎಕ್ಸ್‌ರೇ ತೋರಿಸಿ ಎಂದು ಕೇಳಿ. ತುಂಬಿದ ಪದಾರ್ಥ ಬೇರಿನ ತುದಿಯ ಹತ್ತಿರದವರೆಗೆ ಬಿಳಿಯ ಗೆರೆಯಾಗಿ ಕಾಣಬೇಕು. ನಮಗೆ ಅರ್ಥವಾಗದಿದ್ದರೂ ಕೇಳಿದರೆ ವಿವರಿಸುತ್ತಾರೆ. ಇನ್ನೊಂದು ಪ್ರಶ್ನೆ, ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ ಎಂಬುದು. ಸುತ್ತಲೂ ಸುಮಾರು 2 ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಸಿಕ್ಕಿದರೆ ಕ್ಯಾಪ್ ಹಿಡಿದು ನಿಲ್ಲುತ್ತದೆ. ಅಷ್ಟೂ ಇಲ್ಲದಿದ್ದರೆ ಒಳಗೆ ಕಂಬದಂಥ ಪೋಸ್ಟ್ ಕೂರಿಸಿ ಮೇಲೆ ಕಟ್ಟುವುದುಂಟು. ಆದರೆ ಪೋಸ್ಟಿನಿಂದ ಹಲ್ಲಿಗೆ ಬಲ ಬರುವುದಿಲ್ಲ. ಕಟ್ಟಿದ್ದು ನಿಲ್ಲಲು ಅದೊಂದು ಆಧಾರ, ಅಷ್ಟೇ. ಏನೂ ಉಳಿಯದ ಬೇರಿನ ಮೇಲೆ ದುಬಾರಿ ಕ್ಯಾಪ್ ಹಾಕಿಸುವುದಕ್ಕಿಂತ ಕೀಳಿಸುವುದು ಲೇಸೆಂದು ವೈದ್ಯರು ಹೇಳಿದರೆ ಅವರು ನಿಮ್ಮ ಹಿತವನ್ನೇ ಹೇಳುತ್ತಿದ್ದಾರೆ.

ಎಲ್ಲ ಹಲ್ಲಿಗೂ ಕ್ಯಾಪ್ ಬೇಕೆಂದೇನೂ ಇಲ್ಲ. ಸಣ್ಣ ಹುಳುಕಿಗೆ ತುಂಬಿಸಿದರೆ ಸಾಕು. ರೂಟ್ ಕೆನಾಲ್ ಆದ ಮುಂದಿನ ಹಲ್ಲಿನಲ್ಲಿ ಬಹುಭಾಗ ಗಟ್ಟಿಯಾಗಿಯೇ ಉಳಿದಿದ್ದರೆ ಅದಕ್ಕೂ ಅನೇಕ ವೇಳೆ ತುಂಬಿಸುವುದೇ ಸಾಕಾಗುತ್ತದೆ. ಅಗಿಯುವ ಹಲ್ಲಿನ ಮಾತು ಬೇರೆ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರಿನಷ್ಟು, ಮೇಲ್ಭಾಗದಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರಿನಷ್ಟು ಅರೆದು ತೆಗೆಯುತ್ತಾರೆ. ಪೂರ್ತಿ ಲೋಹದ ಕ್ಯಾಪಿಗೆ ಇಷ್ಟು ಬೇಕಾಗುವುದಿಲ್ಲ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನರ ಜೀವಂತವಿರುವ ಹಲ್ಲಿಗೆ ಕ್ಯಾಪ್ ಹಾಕಿದಾಗ ಕೆಲವು ಹಲ್ಲುಗಳಲ್ಲಿ ವರ್ಷಗಳು ಕಳೆದ ಮೇಲೆ ನರ ಸತ್ತು ರೂಟ್ ಕೆನಾಲ್ ಬೇಕಾಗುವುದೂ ಉಂಟು. ಆದುದರಿಂದ ಹಲ್ಲು ಬೆಳ್ಳಗೆ ಕಾಣಲಿ ಎಂಬ ಒಂದೇ ಕಾರಣಕ್ಕೆ ಗಟ್ಟಿ ಹಲ್ಲನ್ನು ಅರೆಯಿಸಿಕೊಳ್ಳುವವರಿಗೆ ನಾನಂತೂ ಬೇಡವೆನ್ನುತ್ತೇನೆ. ಎಲೆಯಡಿಕೆಯ ಕಲೆಗೆ ಸ್ವಚ್ಛಗೊಳಿಸುವುದು ಮದ್ದು, ಕ್ಯಾಪ್ ಅಲ್ಲ.

ಲೋಹವೋ ಪಿಂಗಾಣಿಯೋ

ಪೇಟೆಯಲ್ಲಿ ಸಾಮಾನ್ಯವಾಗಿ ಮೂರು ಬಗೆ ಹೇಳುತ್ತಾರೆ. ಪೂರ್ತಿ ಲೋಹದ್ದು, ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದು, ಮತ್ತು ಜಿರ್ಕೋನಿಯಾ. ಬೆಲೆಯೂ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಏರುತ್ತದೆ. ಮುಂದಿನ ಹಲ್ಲಿಗಾಗಿ ಗಾಜಿನಂತೆ ಬೆಳಕು ಹಾಯಿಸುವ ಬೇರೆ ಪಿಂಗಾಣಿಗಳೂ ಇವೆ. ಚಿನ್ನದ ಕ್ಯಾಪ್ ಬಾಯಿಗೆ ಬಹಳ ಒಗ್ಗುವ ವಸ್ತು, ಎದುರಿನ ಹಲ್ಲನ್ನು ಸವೆಸುವುದಿಲ್ಲ. ಈಗಿನ ಚಿನ್ನದ ಧಾರಣೆಯಲ್ಲಿ ಅದರ ಮಾತು ಬೇಡ.

ಲೋಹದ ಮೇಲೆ ಪಿಂಗಾಣಿ ಬೆಸೆಯುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1962ರಲ್ಲಿ. ಅಂದಿನಿಂದ ಲೋಕದ ಎಲ್ಲೆಡೆ ನಡೆದುಬಂದಿರುವ ಕ್ಯಾಪ್ ಇದು, ಕೆಟ್ಟದ್ದೇನೂ ಅಲ್ಲ. ಎರಡು ದೋಷಗಳನ್ನು ತಿಳಿದಿರಬೇಕು. ಗಟ್ಟಿಯಾದುದನ್ನು ಕಚ್ಚಿದಾಗ ಮೇಲಿನ ಪಿಂಗಾಣಿ ಚಕ್ಕೆ ಏಳಬಹುದು. ವರ್ಷಗಳು ಕಳೆದಂತೆ ವಸಡು ಹಿಂದೆ ಸರಿದರೆ ಬುಡದಲ್ಲಿ ಲೋಹದ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾ ಬಹಳ ಗಟ್ಟಿ, ಹಲ್ಲಿನ ಬಣ್ಣದ್ದು, ಕಪ್ಪು ಗೆರೆಯ ಚಿಂತೆ ಇಲ್ಲ. ಆದರೆ ಅದರ ಮೇಲ್ಮೈಯನ್ನು ನುಣ್ಣಗೆ ಮೆರುಗು ಕೊಟ್ಟಿರಬೇಕು. ಕಚ್ಚು ಸರಿಪಡಿಸಲೆಂದು ಅರೆದು ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ಸವೆಸುತ್ತದೆ.

ಅಗ್ಗದ ಲೋಹದ ಕ್ಯಾಪುಗಳಲ್ಲಿ ಹೆಚ್ಚಾಗಿ ನಿಕ್ಕಲ್ ಇರುತ್ತದೆ. ಅಗ್ಗದ ಓಲೆ ಹಾಕಿದಾಗ ಕಿವಿ ಕೆರೆದು ನೀರು ಸೋರುವ ಹೆಂಗಸರು, ಗಡಿಯಾರದ ಲೋಹದ ಪಟ್ಟಿಯಿಂದ ಮಣಿಕಟ್ಟು ಕೆಂಪಾಗುವ ಗಂಡಸರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ನಿಕ್ಕಲ್ ಇಲ್ಲದ ಲೋಹವೂ ಸಿಗುತ್ತದೆ.

ಮೊನ್ನೆ ಮೇ ತಿಂಗಳಲ್ಲಿ ನನ್ನ ಎಡಗಡೆಯ ಹಿಂದಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಆದಾಗ ನಾನು ಪೂರ್ತಿ ಲೋಹದ್ದನ್ನೇ ಆರಿಸಿದೆ. ಅದಕ್ಕೆ ಕಡಿಮೆ ಅರೆದರೆ ಸಾಕು, ಚಕ್ಕೆ ಏಳುವುದಿಲ್ಲ, ಮತ್ತು ಅಷ್ಟು ಹಿಂದಿನ ಹಲ್ಲನ್ನು ನಾನು ಯಾರಿಗೂ ತೋರಿಸಬೇಕಾಗಿಲ್ಲ. ಆಕಳಿಸಿದಾಗ ಹೊಳೆಯುತ್ತದೆ ಎಂದು ಮನೆಯವರು ನಗುತ್ತಾರೆ. ನಗಲಿ.

ಹಣದ ವಿಚಾರದಲ್ಲಿ ನಾಚಿಕೊಳ್ಳುವ ಅಗತ್ಯವಿಲ್ಲ. ರೂಟ್ ಕೆನಾಲಿಗೆ ಎಷ್ಟು, ಒಳಗೆ ಕಟ್ಟುವುದಕ್ಕೆ ಎಷ್ಟು, ಕ್ಯಾಪಿಗೆ ಎಷ್ಟು, ಎಕ್ಸ್‌ರೇ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲ ದಿನವೇ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ರೂಟ್ ಕೆನಾಲ್ ಮಾಡಿಸುವಾಗಲೇ ಕ್ಯಾಪಿನ ಹಣವನ್ನೂ ಸೇರಿಸಿ ಲೆಕ್ಕ ಹಾಕಬೇಕು. ನನ್ನಂತೆ ಅರ್ಧದಲ್ಲಿ ನಿಲ್ಲಿಸುವುದಾದರೆ ಮೊದಲೇ ಯೋಚಿಸುವುದು ಒಳ್ಳೆಯದು. ಕೆಲವು ಲ್ಯಾಬುಗಳು ಜಿರ್ಕೋನಿಯಾಕ್ಕೆ ಗ್ಯಾರಂಟಿ ಕಾರ್ಡು ಕೊಡುತ್ತವೆ. ಅದು ಸಾಧಾರಣವಾಗಿ ಕ್ಯಾಪ್ ಒಡೆದರೆ ಮಾತ್ರ. ಒಳಗಿನ ಹಲ್ಲು ಹುಳುಕಾದರೆ ಆ ಕಾರ್ಡು ಉಪಯೋಗಕ್ಕೆ ಬರುವುದಿಲ್ಲ.

ಖರ್ಚು ಭರಿಸಲಾಗದವರು ದಂತ ವೈದ್ಯಕೀಯ ಕಾಲೇಜುಗಳನ್ನು ಮರೆಯಬಾರದು. ವಿರಾಜಪೇಟೆ, ಸುಳ್ಯ, ಮಂಗಳೂರು, ಮಣಿಪಾಲ, ಶಿವಮೊಗ್ಗ, ದಾವಣಗೆರೆ, ಧಾರವಾಡಗಳಲ್ಲಿ ಅಂಥ ಕಾಲೇಜುಗಳಿವೆ. ಅಧ್ಯಾಪಕರ ಕಣ್ಣೆದುರು ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ಖರ್ಚು ಸಾಮಾನ್ಯವಾಗಿ ಕಡಿಮೆ, ಓಡಾಟ ಮಾತ್ರ ಹೆಚ್ಚು. ಕೊಯ್ಲಿನ ಕಾಲ ಬಿಟ್ಟು, ಮಾರ್ಚಿನಿಂದ ಮಳೆ ಹಿಡಿಯುವವರೆಗಿನ ಬಿಡುವಿನಲ್ಲಿ ಹೋಗಿಬರುವುದು ನಮಗೆ ಅನುಕೂಲ.

ಕುರ್ಚಿಯ ಮೇಲೆ ಕುಳಿತಾಗ

ಕ್ಯಾಪಿಗೆ ಸಾಧಾರಣವಾಗಿ ಎರಡು ಸಲ ಹೋಗಬೇಕಾಗುತ್ತದೆ. ಮೊದಲ ಸಲ ಹಲ್ಲನ್ನು ಅರೆದು, ಹಿಟ್ಟಿನಂಥ ಪದಾರ್ಥದಿಂದ ಅಥವಾ ಪುಟ್ಟ ಕ್ಯಾಮರಾದಿಂದ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಕ್ಯಾಪ್ ಬರಲು ಸುಮಾರು ಒಂದು ವಾರ. ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನಂಥ ತಾತ್ಕಾಲಿಕ ಟೋಪಿ ಹಾಕುತ್ತಾರೆ. ಅದು ಬಿದ್ದರೆ ಪರವಾಗಿಲ್ಲ ಎಂದು ಸುಮ್ಮನಿರಬಾರದು. ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ಸ್ವಲ್ಪ ವಾಲಿದರೂ ಲ್ಯಾಬಿನಿಂದ ಬಂದ ಕ್ಯಾಪ್ ಕೂರುವುದಿಲ್ಲ. ಆ ವಾರ ಹಲಸಿನ ಹಣ್ಣಿನ ಹಲ್ವ, ಶೇಂಗಾ ಚಿಕ್ಕಿ, ಎಲೆಯಡಿಕೆ ಮೂರೂ ವರ್ಜ್ಯ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗುವ ಮಾತ್ರೆ, ಹೃದಯದ ಚಿಕಿತ್ಸೆ ಇದ್ದವರು ಮೊದಲೇ ಹೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಿ ಹೋಗಬಾರದು.

ಎರಡನೆಯ ಸಲವೇ ಮುಖ್ಯ. ಸಿಮೆಂಟು ಹಾಕುವುದಕ್ಕೆ ಮೊದಲು ಕ್ಯಾಪನ್ನು ಬರಿದೆ ಕೂರಿಸಿ ನೋಡುತ್ತಾರೆ. ಬಣ್ಣ ಒಪ್ಪದಿದ್ದರೆ, ಎತ್ತರವೆನಿಸಿದರೆ, ಪಕ್ಕದ ಹಲ್ಲಿಗೆ ಒತ್ತಿದಂತಾದರೆ ಆಗಲೇ ಹೇಳಬೇಕು. ಕನ್ನಡಿ ಕೇಳಿ, ಕಿಟಕಿಯ ಬೆಳಕಿನಲ್ಲಿ ನೋಡಿಕೊಳ್ಳಿ. ಕುರ್ಚಿಯ ದೀಪದಲ್ಲಿ ಬಣ್ಣ ಮೋಸ ಮಾಡುತ್ತದೆ. ನಮ್ಮ ಕಡೆಯವರದು ವಿಚಿತ್ರ ಸಂಕೋಚ. ಮಂಡಿಯಲ್ಲಿ ಕ್ವಿಂಟಾಲಿಗೆ ನೂರು ರೂಪಾಯಿಗೆ ಅರ್ಧ ದಿನ ಚೌಕಾಸಿ ಮಾಡುವವರು ವೈದ್ಯರೆದುರು "ಅಡ್ಡಿಯಿಲ್ಲ, ಅಡ್ಡಿಯಿಲ್ಲ" ಎಂದು ಎದ್ದುಬರುತ್ತಾರೆ. ಸಿಮೆಂಟು ಹಿಡಿದ ಮೇಲೆ ಕ್ಯಾಪ್ ಬಿಚ್ಚಬೇಕೆಂದರೆ ಅನೇಕ ವೇಳೆ ಅದನ್ನು ಕತ್ತರಿಸಿಯೇ ತೆಗೆಯಬೇಕು.

ನೀಲಿ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ. ಮರಗಟ್ಟಿದ ದವಡೆಯಲ್ಲಿ ನಮಗೆ ಸರಿಯಾಗಿ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಕಚ್ಚಿದಾಗ ಆ ಹಲ್ಲೊಂದೇ ಮೊದಲು ತಾಗಿದರೆ, ಅಗಿಯುವಾಗ ನೋವು ಬಂದರೆ, ರೂಢಿಯಾಗುತ್ತದೆ ಎಂದು ಕಾಯದೆ ಹಿಂದಿರುಗಿ ಹೋಗಿ. ಐದು ನಿಮಿಷದಲ್ಲಿ ಸರಿಮಾಡಬಹುದಾದ ಎತ್ತರ ತಿಂಗಳುಗಟ್ಟಲೆ ನಡೆದರೆ ಹಲ್ಲು, ಕ್ಯಾಪ್, ದವಡೆಯ ಕೀಲು ಎಲ್ಲಕ್ಕೂ ತೊಂದರೆ.

ನಮ್ಮ ಬೆಳೆಯ ಮಾತು

ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅಡಿಕೆ ಮಾರಿಯೇ ಮಕ್ಕಳನ್ನು ಓದಿಸಿದವನು ನಾನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಹೇಳಿದೆ. ಬೆಳೆಗಾರರ ಸಂಘಟನೆಗಳು ಅದನ್ನು ಪ್ರಶ್ನಿಸುತ್ತ ಬಂದಿವೆ. ಆ ವಾದ ನಡೆಯುವಲ್ಲಿ ನಡೆಯಲಿ. ಹಲ್ಲಿನ ಕುರ್ಚಿಯಲ್ಲಿ ಮಾತ್ರ ವಾದಕ್ಕೆ ಎಡೆಯಿಲ್ಲದ ಒಂದು ಸಂಗತಿಯನ್ನು ವೈದ್ಯರು ಕಾಣುತ್ತಾರೆ. ಬಹುಕಾಲ ಅಡಿಕೆ ಅಗಿದ ಕೆಲವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರುಗಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಖಾರ ತಿಂದರೆ ಉರಿ. ಬಾಯಿ ಎರಡು ಬೆರಳಿನಷ್ಟೇ ತೆರೆಯುವವರ ಹಿಂದಿನ ದವಡೆಗೆ ಯಂತ್ರ ತಲುಪುವುದಿಲ್ಲ, ರೂಟ್ ಕೆನಾಲೂ ಆಗದು, ಕ್ಯಾಪೂ ಆಗದು. ಉಳಿಸಬಹುದಾಗಿದ್ದ ಹಲ್ಲನ್ನು ಕೀಳುವುದೂ ಕಷ್ಟವೇ.

ಮನೆಯಲ್ಲೇ ನೋಡಿಕೊಳ್ಳಬಹುದು. ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಿ. ಅದು ಹೋಗದಿದ್ದರೆ, ಅಥವಾ ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ ಇದ್ದರೆ, ಕ್ಯಾಪಿನ ವಿಚಾರ ಆಮೇಲೆ. ಮೊದಲು ಅದನ್ನು ತೋರಿಸಿ. ನಾರುಗಟ್ಟಿದ ಕೆನ್ನೆ ತಾನಾಗಿ ಮೊದಲಿನಂತಾಗುವುದಿಲ್ಲ. ಅಗಿಯುವುದನ್ನು ನಿಲ್ಲಿಸುವುದೇ ಅದರ ಮೊದಲ ಚಿಕಿತ್ಸೆ.

ನಾನು ಎಲೆಯಡಿಕೆ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಸುಲಭವಾಗಲಿಲ್ಲ.

ಕ್ಯಾಪ್ ಹಾಕಿದ ಮೇಲೆ

ಕ್ಯಾಪ್ ಹುಳುಕಾಗುವುದಿಲ್ಲ ನಿಜ, ಆದರೆ ಕ್ಯಾಪ್ ಮುಗಿಯುವ ಅಂಚಿನಲ್ಲಿ ಹಲ್ಲು ಹುಳುಕಾಗುತ್ತದೆ. ಬೀಳುವ ಕ್ಯಾಪುಗಳಲ್ಲಿ ಬಹಳಷ್ಟು ಕೆಡುವುದು ಅಲ್ಲಿಂದಲೇ. ವಸಡಿಗೆ ತಾಗುವಂತೆ ಮೆತ್ತಗಿನ ಬ್ರಷ್ಷಿನಿಂದ ದಿನಕ್ಕೆರಡು ಸಲ ಉಜ್ಜಬೇಕು. ಇದ್ದಿಲು, ಇಟ್ಟಿಗೆ ಪುಡಿ ಬೇಡ. ಹಲ್ಲುಗಳ ಸಂದಿಗೆ ದಾರ ಅಥವಾ ಸಣ್ಣ ಬ್ರಷ್ಷು ಬಳಸುವುದನ್ನು ವೈದ್ಯರಿಂದಲೇ ಕಲಿತು ಬನ್ನಿ. ಗುಂಡುಸೂಜಿ, ಬೆಂಕಿಕಡ್ಡಿ ಹಾಕಿ ಕೆದಕುವ ಚಟವನ್ನು ಕೈಬಿಡಿ. ಹೀಗೆ ನೋಡಿಕೊಂಡರೆ ಕ್ಯಾಪ್ ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ, ಕೆಲವು ಇನ್ನೂ ಹೆಚ್ಚು. ಶಾಶ್ವತ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಾತ್ರಿ ಹಲ್ಲು ಕಡಿಯುವವರು ಅದನ್ನೂ ಹೇಳಬೇಕು. ಅವರಿಗೆ ಮಲಗುವಾಗ ಹಾಕಿಕೊಳ್ಳುವ ಕವಚ ಮಾಡಿಕೊಡುತ್ತಾರೆ.

ಕ್ಯಾಪ್ ಕಳಚಿ ಬಂದರೆ ಗಾಬರಿ ಬೇಡ. ತೊಳೆದು ಜೋಪಾನವಾಗಿಟ್ಟುಕೊಂಡು ಆದಷ್ಟು ಬೇಗ, ಕೆಲವೇ ದಿನಗಳೊಳಗೆ ವೈದ್ಯರಲ್ಲಿಗೆ ಹೋಗಿ. ಒಳಗಿನ ಹಲ್ಲು ಚೆನ್ನಾಗಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಅಂಗಡಿಯ ಅಂಟು ಹಾಕಿ ತಾವೇ ಅಂಟಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಅಂಥ ಅಂಟು ಬಾಯಿಗೆ ವಿಷ, ಕ್ಯಾಪ್ ಸೊಟ್ಟಗೆ ಕೂತರೆ ಬಿಡಿಸುವುದೂ ಕಷ್ಟ. ಸಡಿಲವಾದ ಕ್ಯಾಪ್ ಬಾಯಲ್ಲಿಟ್ಟುಕೊಂಡು ರಾತ್ರಿ ಮಲಗಬೇಡಿ, ಶ್ವಾಸನಾಳಕ್ಕೆ ಇಳಿದರೆ ಅಪಾಯ. ತೆಗೆದು ಒಂದು ಸಣ್ಣ ಡಬ್ಬಿಯಲ್ಲಿಡಿ. ಕಳೆದ ಆಷಾಢದಲ್ಲಿ ನಮ್ಮ ಸದಸ್ಯರೊಬ್ಬರು ಅದನ್ನು ಸುಣ್ಣದ ಡಬ್ಬಿಯಲ್ಲಿಟ್ಟುಕೊಂಡು ಪೇಟೆಗೆ ಹೋದರು. ಅದನ್ನು ಕೆರೆದು ಶುದ್ಧ ಮಾಡಲು ವೈದ್ಯರಿಗೆ ಅರ್ಧ ಗಂಟೆ ಹಿಡಿಯಿತಂತೆ.